ಗಣಪತಿ ಪೆಂಡಾಲಿನಲ್ಲಿ ರಸಪ್ರಶ್ನೆ: ಪ್ರಶ್ನೆ ಹುಡುಕುವುದರಿಂದ ಟೈ ಬಿಡಿಸುವವರೆಗೆ

ದಾವಣಗೆರೆಯ ನಮ್ಮ ಓಣಿಯಲ್ಲಿ ಗಣಪತಿ ಕೂರಿಸಿದರೆ ಒಂದು ದಿನ ರಂಗೋಲಿ, ಒಂದು ದಿನ ಆರ್ಕೆಸ್ಟ್ರಾ, ಒಂದು ದಿನ ರಸಪ್ರಶ್ನೆ. ಈ ಮೂರನೇ ಕೆಲಸ ನನ್ನ ತಲೆಗೆ ಬಿದ್ದು ಆರು ವರ್ಷವಾಯಿತು.

ಮೊದಲ ವರ್ಷ ಮಾನ ಹೋದ ಕಥೆಯನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲೋ ಸಿಕ್ಕ ಸಾಮಾನ್ಯ ಜ್ಞಾನದ ಪುಸ್ತಕದಿಂದ ನಲವತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಐದನೇ ಪ್ರಶ್ನೆ, "ಭಾರತದ ರಾಷ್ಟ್ರೀಯ ಕ್ರೀಡೆ ಯಾವುದು?" ಒಂದು ತಂಡ ಹಾಕಿ ಅಂದಿತು. ಹತ್ತು ಅಂಕ ಕೊಟ್ಟೆ. ಹಿಂದಿನ ಸಾಲಿನಿಂದ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ದೇಶಕ್ಕೆ ರಾಷ್ಟ್ರೀಯ ಕ್ರೀಡೆ ಅಂತ ಯಾವುದೂ ಇಲ್ಲ." ಜನ ನಕ್ಕರು. ನಾನೂ ನಕ್ಕು ಅವಳನ್ನು ಕೂರಿಸಿದೆ. ರಾತ್ರಿ ಮನೆಗೆ ಬಂದು ಹುಡುಕಿದರೆ ಅವಳೇ ಸರಿ. 2012ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಕೇಂದ್ರದ ಕ್ರೀಡಾ ಸಚಿವಾಲಯವೇ ಹಾಗೆ ಉತ್ತರ ಕೊಟ್ಟಿತ್ತು. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆ ಎಂದು ಘೋಷಿಸಿಲ್ಲವಂತೆ. ಮರುದಿನ ಮಂಗಳಾರತಿ ಆದ ಮೇಲೆ ಮೈಕು ಇಸಿದುಕೊಂಡು ತಪ್ಪು ಒಪ್ಪಿಕೊಂಡೆ.

ಅಲ್ಲಿಂದ ಈಚೆಗೆ ಕಲಿತದ್ದನ್ನೆಲ್ಲ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪೆಂಡಾಲ್ ಅಂದಿದ್ದೇನೆ, ಆದರೆ ರಾಜ್ಯೋತ್ಸವಕ್ಕೋ ಶಾಲೆಯ ವಾರ್ಷಿಕೋತ್ಸವಕ್ಕೋ ಮದುವೆಮನೆಯ ಹಿಂದಿನ ರಾತ್ರಿಗೋ ಇದೇ ನಡೆಯುತ್ತದೆ.

ಹಂತ 1: ಯಾರು ಕೂತಿರುತ್ತಾರೆ ನೋಡಿಕೊಳ್ಳಿ

ಕಾಲೇಜಿನ ರಸಪ್ರಶ್ನೆಗೆ ಓದಿಕೊಂಡು ಬಂದವರು ಕೂತಿರುತ್ತಾರೆ. ಪೆಂಡಾಲಿನಲ್ಲಿ ಹಾಗಲ್ಲ. ನಾಲ್ಕನೇ ಕ್ಲಾಸಿನ ಪೋರ, ಮಿಲ್ಲಿನಲ್ಲಿ ದುಡಿದು ರಿಟೈರ್ ಆದ ಅಜ್ಜ, ಪಿಯುಸಿ ಹುಡುಗರು, ಕುಕ್ಕರ್ ಇಳಿಸಿ ಬಂದ ಅಕ್ಕಂದಿರು, ಎಲ್ಲರೂ ಒಂದೇ ಜಮಖಾನದ ಮೇಲೆ. "ನೊಬೆಲ್ ಪಡೆದ ಎರಡನೇ ಮಹಿಳೆ ಯಾರು" ಅಂತ ಕೇಳಿದರೆ ಇಬ್ಬರಿಗೆ ಗೊತ್ತಿರುತ್ತದೆ, ಉಳಿದ ಎಂಬತ್ತು ಜನ ಪ್ರಸಾದ ಯಾವಾಗ ಅಂತ ನೋಡುತ್ತಿರುತ್ತಾರೆ.

ಅದಕ್ಕೇ ನನ್ನದು ಒಂದೇ ಅಳತೆಗೋಲು. ಉತ್ತರ ಗೊತ್ತಿಲ್ಲದವನೂ ಒಂದು ಊಹೆ ಮಾಡುವ ಹಾಗಿರಬೇಕು. ಉತ್ತರ ಕೇಳಿದ ಮೇಲೆ "ಅಯ್ಯೋ, ದಿನಾ ನೋಡ್ತೀನಲ್ಲ ಇದನ್ನ" ಅನ್ನಬೇಕು. ಈ ಎರಡೂ ಆದರೆ ಪ್ರಶ್ನೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಷ್ಟೇ ಜಾಣತನದ ಪ್ರಶ್ನೆ ಆದರೂ ಬಿಟ್ಟುಬಿಡಿ.

ಹಂತ 2: ಅಡುಗೆಮನೆಯಿಂದ ಶುರು ಮಾಡಿ

ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಒಂದು ನೋಟ್‌ಬುಕ್ ಇಡಿ. ಮೊಬೈಲಿನಲ್ಲಿ ಬರೆದುಕೊಂಡರೆ ಕಳೆದುಹೋಗುತ್ತದೆ, ನನ್ನ ಅನುಭವ. ಪುಸ್ತಕ, ಇಂಟರ್ನೆಟ್ ಆಮೇಲೆ. ಮೊದಲು ನಿಮ್ಮ ತಟ್ಟೆ ನೋಡಿ.

ಬೆಣ್ಣೆ ದೋಸೆಯನ್ನೇ ತಗೊಳ್ಳಿ. ನಮ್ಮೂರಿಗೆ ಹೆಸರು ತಂದ ತಿಂಡಿ. ಅದರ ಜೊತೆಗೆ ಬರುವ ಪಲ್ಯದ ಆಲೂಗಡ್ಡೆ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳ ಬೆಳೆ. ಚಟ್ನಿಯ ಮೆಣಸಿನಕಾಯಿ ಕೂಡ ಅಮೆರಿಕದ್ದೇ. 1492ರಲ್ಲಿ ಕೊಲಂಬಸ್ ಆ ಕಡೆಗೆ ಹೋಗುವ ತನಕ ನಮ್ಮ ದೇಶದಲ್ಲಿ ಒಬ್ಬರೂ ಮೆಣಸಿನಕಾಯಿ ಕಂಡಿರಲಿಲ್ಲ. ಆಮೇಲೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅಲ್ಲಿಯವರೆಗೆ ಖಾರಕ್ಕೆ ಇದ್ದಿದ್ದು ಕಾಳುಮೆಣಸು, ಶುಂಠಿ, ಹಿಪ್ಪಲಿ. ಸಂಜೆ ಮಂಡಕ್ಕಿ ಜೊತೆ ತಿನ್ನುವ ಮಿರ್ಚಿಯನ್ನು ಇಮ್ಮಡಿ ಪುಲಕೇಶಿ ತಿಂದಿರಲು ಸಾಧ್ಯವೇ ಇಲ್ಲ. ಈ ಮಾತು ಮೈಕಿನಲ್ಲಿ ಹೇಳಿ ನೋಡಿ, ಪೆಂಡಾಲ್ ಹೇಗೆ ಎದ್ದು ಕೂರುತ್ತದೆ ಅಂತ.

ಇದರೊಳಗೆ ಇನ್ನೊಂದು ಪ್ರಶ್ನೆ ಇದೆ, ನನಗೆ ಇದು ಇನ್ನೂ ಇಷ್ಟ. ಮೊದಲು 'ಮೆಣಸು' ಅಂದರೆ ಕಪ್ಪು ಕಾಳು ಮಾತ್ರ. ಹೊಸ ಕಾಯಿ ಬಂದಾಗ ಅದೂ ಖಾರ ಅಂತ 'ಮೆಣಸಿನಕಾಯಿ' ಅಂದರು. ಕೊನೆಗೆ ಹಳೆಯದಕ್ಕೇ 'ಕಾಳುಮೆಣಸು' ಅಂತ ಗುರುತು ಹಚ್ಚಿ ಹೇಳುವ ಹಾಗಾಯಿತು. ಬಾಡಿಗೆಗೆ ಬಂದವನು ಮನೆಯ ಯಜಮಾನನಿಗೇ ಹೊಸ ಹೆಸರಿಟ್ಟ ಹಾಗೆ!

ಜಗಲಿಯ ಮೇಲೆ ಜೋಳ, ರಾಗಿ, ಶೇಂಗಾ, ಮೆಕ್ಕೆಜೋಳ, ಹುರುಳಿ, ಎಳ್ಳು ಆರು ಬಟ್ಟಲಲ್ಲಿ ಇಟ್ಟು, "ಇದರಲ್ಲಿ ನಮ್ಮ ನೆಲದಲ್ಲೇ ಹುಟ್ಟಿದ್ದು ಯಾವುದು?" ಅಂತ ಒಮ್ಮೆ ಕೇಳಿದ್ದೆ. ಎಲ್ಲರೂ ರಾಗಿ, ಜೋಳ ಅಂದರು. ಎರಡೂ ಸಾವಿರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವು. ಶೇಂಗಾ ದಕ್ಷಿಣ ಅಮೆರಿಕದ್ದು. ನಮ್ಮ ಹೊಲಗಳ ತುಂಬ ನಿಂತಿರುವ ಮೆಕ್ಕೆಜೋಳ ಮೆಕ್ಸಿಕೋದ್ದು. ಉಳಿದಿದ್ದು ಹುರುಳಿ ಮತ್ತು ಎಳ್ಳು. ಒಬ್ಬ ಯಜಮಾನರಿಗೆ ಸಿಟ್ಟೇ ಬಂತು. "ರಾಗಿ ನಮ್ಮದಲ್ಲ ಅಂದ್ರೆ ಹೆಂಗ್ರೀ?" ಮೂರು ನಾಲ್ಕು ಸಾವಿರ ವರ್ಷ ಉಂಡ ಮೇಲೆ ನಮ್ಮದೇ ಬಿಡ್ರಿ ಯಜಮಾನ್ರೇ, ಅಂದೆ. ಸುಮ್ಮನಾದರು.

ಮಾತಿನಲ್ಲೂ ಇಂಥದ್ದು ಬೇಕಾದಷ್ಟು ಸಿಗುತ್ತದೆ. ಚಾವಿ, ಅಲಮಾರು, ಅನಾನಸ್, ಈ ಮೂರೂ ಪೋರ್ಚುಗೀಸರಿಂದ ಬಂದ ಶಬ್ದಗಳು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆಕಾಯಿ, ಸೀಮೆಹಸು, ಇವುಗಳಲ್ಲಿ 'ಸೀಮೆ' ಅಂದರೆ ಏನು? ಹೊರಗಿನ ನಾಡಿನದು ಅಂತ. ಮಕ್ಕಳಿಗೆ ಗೊತ್ತಿರುವುದಿಲ್ಲ, ಅಜ್ಜಿಯರಿಗೆ ಗೊತ್ತಿರುತ್ತದೆ. ಪೆಂಡಾಲಿನಲ್ಲಿ ಅಜ್ಜಿಯರು ಗೆಲ್ಲುವ ಪ್ರಶ್ನೆ ನಾಲ್ಕಾದರೂ ಇರಬೇಕು.

ಹಂತ 3: ಆಮೇಲೆ ಊರ ಸುತ್ತ ಒಂದು ರೌಂಡ್ ಹಾಕಿ

ಚಿತ್ರದುರ್ಗ ನಮಗೆ ಒಂದೂವರೆ ಗಂಟೆಯ ದಾರಿಯೂ ಅಲ್ಲ. 1997ರವರೆಗೆ ದಾವಣಗೆರೆ ಆ ಜಿಲ್ಲೆಯೊಳಗೇ ಇತ್ತು. ಪ್ರಶ್ನೆಗಳ ಗಣಿ ಅದು. ಆದರೆ ಒನಕೆ ಓಬವ್ವನ ಬಗ್ಗೆ ಕೇಳಬೇಡಿ. ಪ್ರಶ್ನೆ ಮುಗಿಯುವ ಮೊದಲೇ ಇಡೀ ಪೆಂಡಾಲ್ ಕೂಗುತ್ತದೆ. ಕೇಳಲೇಬೇಕು ಅನಿಸಿದರೆ ಪಕ್ಕದಿಂದ ಬನ್ನಿ. "ಗಂಡ ಊಟಕ್ಕೆ ಕೂತಾಗ ಓಬವ್ವ ಕಿಂಡಿಯ ಕಡೆ ಹೋಗಿದ್ದು ಏನು ತರಲು?" ನೀರು. ಕಥೆ ಎಲ್ಲರಿಗೂ ಗೊತ್ತು, ಆದರೂ ಉತ್ತರಕ್ಕೆ ಒಂದು ಕ್ಷಣ ತಡವರಿಸುತ್ತಾರೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಬಂಡೆ ಶಾಸನ ಇದೆ. ಶಾಸನಗಳನ್ನು ಹುಡುಕಿ ಓದುತ್ತಿದ್ದ ವಿದ್ವಾಂಸ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸಾಮಾನ್ಯವಾಗಿ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಮಜಾ ಇರುವುದು ಶಾಸನದ ಕೊನೆಯ ಸಾಲಿನಲ್ಲಿ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಎಡದಿಂದ ಬಲಕ್ಕೆ. ಕೊನೆಗೆ ಬರೆದವನು ತನ್ನ ಹೆಸರು ಹಾಕಿದ್ದಾನೆ, ಚಪಡ ಅಂತ. ಹೆಸರಿನ ಪಕ್ಕ 'ಲಿಪಿಕಾರನಿಂದ' ಎನ್ನುವ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಓದುವ ಲಿಪಿ. ಆಗ ಬಳಕೆಯಲ್ಲಿದ್ದಿದ್ದು ಗಾಂಧಾರದ ಕಡೆ, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಭಾಗದಲ್ಲಿ. ಅಷ್ಟು ದೂರದವನೊಬ್ಬ ನಮ್ಮ ಬಿಸಿಲಿಗೆ ಬಂದು, ಕೆಲಸದ್ದೆಲ್ಲ ಇಲ್ಲಿನ ಲಿಪಿಯಲ್ಲಿ ಬರೆದು, ಕೊನೆಗೆ ತನ್ನ ಊರಿನ ಲಿಪಿಯಲ್ಲಿ ಗುರುತು ಹಾಕಿರಬಹುದು ಅಂತ ವಿದ್ವಾಂಸರು ಊಹಿಸುತ್ತಾರೆ. ಬ್ಯಾಂಕಿನ ಇಂಗ್ಲಿಷ್ ಫಾರಂ ತುಂಬಿ ಕೆಳಗೆ ಕನ್ನಡದಲ್ಲಿ ಸಹಿ ಹಾಕುತ್ತೇವಲ್ಲ, ಹಾಗೆ. ಇದನ್ನು ಪ್ರಶ್ನೆ ಮಾಡುವಾಗ ಹೆಸರು ಕೇಳಬೇಡಿ. ಬ್ಯಾಂಕಿನ ಫಾರಂ ಹೋಲಿಕೆ ಮೊದಲು ಹೇಳಿ, "ಇಂಥದ್ದೇ ಕೆಲಸ ಮಾಡಿದವನ ಕೈಬರಹ ನಮ್ಮ ಪಕ್ಕದ ಜಿಲ್ಲೆಯ ಬಂಡೆಯ ಮೇಲಿದೆ, ಯಾವ ರಾಜನ ಕಾಲದ್ದು?" ಅಂತ ಕೇಳಿ.

ಮರಡಿಹಳ್ಳಿಯ ಕಲ್ಲು ಇನ್ನೊಂದು. ಚಿತ್ರದುರ್ಗ ಅಂದರೆ ನೀರಿಲ್ಲದ ಸೀಮೆ ಅಂತಲೇ ನಮ್ಮ ತಲೆಯಲ್ಲಿ. ಆ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷ ಹಳೆಯವು. ಕರಗಿದ ಕಲ್ಲು ನೀರಿನೊಳಗೆ ಉಕ್ಕಿದಾಗ ಮೇಲ್ಮೈ ಥಟ್ಟನೆ ತಣ್ಣಗಾಗಿ ಹೀಗೆ ಉಂಡೆ ಉಂಡೆ ಆಗುತ್ತದೆ. ಅಂದರೆ ಆ ಜಾಗ ಒಂದು ಕಾಲಕ್ಕೆ ನೀರಿನ ತಳದಲ್ಲಿತ್ತು! ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ಹಳೆಯದನ್ನೇ ಕೇಳುತ್ತಾ ಕೂತರೆ ಹುಡುಗರು ಎದ್ದು ಹೋಗುತ್ತಾರೆ. ಅವರಿಗೆ ಚಳ್ಳಕೆರೆ ಕೊಡಿ. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯ ವಾಹನವೊಂದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೊತ್ತೊಯ್ದು ಬಿಟ್ಟಿತು. ಪೈಲಟ್ ಇಲ್ಲ. ಅದೇ ದಾರಿ ಹುಡುಕಿಕೊಂಡು ಚಳ್ಳಕೆರೆಯ ಹತ್ತಿರದ ರನ್‌ವೇ ಮೇಲೆ ಇಳಿಯಿತು.

ಹಂತ 4: ದೂರದ್ದನ್ನು ಹತ್ತಿರದ್ದಕ್ಕೆ ಗಂಟು ಹಾಕಿ

ಜಗತ್ತಿನ ಅಚ್ಚರಿಗಳನ್ನು ಹಾಗೇ ತಂದು ಸುರಿದರೆ ಯಾರಿಗೂ ಅಂಟುವುದಿಲ್ಲ. ಮೆಕ್ಸಿಕೋದ ಅಜ್‌ಟೆಕ್ ಜನರ ರಾಜಧಾನಿ ಟೆನೋಚ್ಟಿಟ್ಲಾನ್ 1325ರಲ್ಲಿ ಕಟ್ಟಿದ್ದು ಅಂದರೆ ನಮ್ಮ ಓಣಿಯಲ್ಲಿ ಯಾರಿಗೆ ಬೇಕು? ಹೀಗೆ ಹೇಳಿ ನೋಡಿ. ನಾವು ಬೈಕಿನಲ್ಲಿ ಹೋಗಿ ಕೈಮುಗಿದು ಬರುವ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು 1224ರ ಹೊತ್ತಿಗೆ. ಅದು ಎದ್ದು ನಿಂತು ನೂರು ವರ್ಷ ಕಳೆದ ಮೇಲೆ ಅಜ್‌ಟೆಕ್ ರಾಜಧಾನಿ ಹುಟ್ಟಿತು. ನಮ್ಮ ವಿಜಯನಗರವೂ ಆಗಿನ್ನೂ ಹುಟ್ಟಿರಲಿಲ್ಲ, ಅದು 1336. ಪಾಠದ ಪುಸ್ತಕದಲ್ಲಿ 'ಪ್ರಾಚೀನ' ಅಂತ ಓದಿದ್ದು ನಮ್ಮ ಗುಡಿಗಿಂತ ಚಿಕ್ಕದು!

ಪಿರಮಿಡ್ಡನ್ನೂ ಹಾಗೇ ಎಳೆದು ತರಬಹುದು. ಈಜಿಪ್ಟಿನ ದೊಡ್ಡ ಪಿರಮಿಡ್ಡಿಗೆ ಹತ್ತಿರ ಹತ್ತಿರ 4,600 ವರ್ಷ. ಬ್ರಹ್ಮಗಿರಿಯ ಶಾಸನಕ್ಕೆ ಸುಮಾರು 2,280. ಅಂದರೆ ಚಪಡ ಉಳಿ ಹಿಡಿದು ಕೂತಿದ್ದಾಗ ಅವನಿಗೆ ಪಿರಮಿಡ್ ಎಷ್ಟು ಹಳೆಯದೋ, ನಮಗೆ ಚಪಡ ಹೆಚ್ಚುಕಡಿಮೆ ಅಷ್ಟೇ ಹಳಬ. ಈ ಲೆಕ್ಕ ಮೊದಲ ಸಲ ಹಾಕಿದಾಗ ನನಗೇ ಒಂದು ಥರ ಆಯಿತು.

ಗಂಟು ಹಾಕಲು ಬರದಿದ್ದರೂ ಪರವಾಗಿಲ್ಲ ಅನ್ನುವ ಕೆಲವು ಇವೆ. ಬೆಂಕಿಕಡ್ಡಿಗಿಂತ ಲೈಟರ್ ಹಳೆಯದು. ಜರ್ಮನಿಯ ಡೋಬರೈನರ್ ಲೈಟರಿನ ಥರದ ದೀಪ ಮಾಡಿದ್ದು 1823ರಲ್ಲಿ, ಇಂಗ್ಲೆಂಡಿನ ಜಾನ್ ವಾಕರ್ ಗೀರುವ ಕಡ್ಡಿ ಮಾಡಿದ್ದು 1826ರಲ್ಲಿ. ಶುಕ್ರ ಗ್ರಹದಲ್ಲಿ ಒಂದು ವರ್ಷಕ್ಕೆ 225 ದಿನ, ಆದರೆ ಅದು ತನ್ನ ಸುತ್ತ ಒಂದು ಸಲ ತಿರುಗಲು 243 ದಿನ. 1893ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟೊಮೆಟೊ ಹಣ್ಣಲ್ಲ, ತರಕಾರಿ ಅಂತ ತೀರ್ಪು ಕೊಟ್ಟಿತು, ಯಾಕೆಂದರೆ ಆಗ ಅಲ್ಲಿ ಆಮದು ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ಓಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ ಮೈಸೂರಿನದು, ಮಾಸದಿರಲು ಕಾರಣ ಸಿಲ್ವರ್ ನೈಟ್ರೇಟ್. ಇವು ಸುತ್ತು ಸಪ್ಪೆ ಆದಾಗ ಎಸೆಯಲು.

ಹಂತ 5: ಸೋಸಿ. ಇಲ್ಲಿ ಆತುರ ಬೇಡ

ಹಾಕಿ ಪ್ರಕರಣ ಆದ ಮೇಲೆ ನಾನು ಜಾಸ್ತಿ ಹೊತ್ತು ಕೊಡುವುದು ಈ ಹಂತಕ್ಕೆ. ಅರವತ್ತು ಪ್ರಶ್ನೆ ಕೂಡಿಹಾಕಿದರೆ ಸೋಸಿದ ಮೇಲೆ ಉಳಿಯುವುದು ಮೂವತ್ತೈದು.

ನೋಟ್‌ಬುಕ್ಕಿನಲ್ಲಿ ಕೆಲವು ಪದ ಕಂಡ ಕೂಡಲೇ ಕೆಂಪು ಪೆನ್ನಿನಿಂದ ಗೆರೆ ಎಳೆಯಿರಿ. ಏಷ್ಯಾದಲ್ಲೇ ದೊಡ್ಡದು, ವಿಶ್ವದಲ್ಲೇ ಮೊದಲು, ನಾಸಾ ಒಪ್ಪಿದೆ, ಯುನೆಸ್ಕೋ ಘೋಷಿಸಿದೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನ ಅತ್ಯುತ್ತಮ ಗೀತೆ ಅಂತ ಘೋಷಿಸಿದೆ ಎಂಬ ಮೆಸೇಜು ನಿಮಗೂ ಬಂದಿರಬೇಕು. ಶುದ್ಧ ಸುಳ್ಳು. ಯುನೆಸ್ಕೋ ಅಂಥ ಸ್ಪರ್ಧೆಯನ್ನೇ ನಡೆಸಿಲ್ಲ.

'ಎರಡನೇ ದೊಡ್ಡ' ಅನ್ನುವ ಮಾತು ಇನ್ನೂ ಅಪಾಯ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಏಷ್ಯಾದ ಎರಡನೇ ದೊಡ್ಡ ಕೆರೆ ಅಂತ ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಯಾವ ಅಳತೆಯಲ್ಲಿ? ನೀರಿನಲ್ಲೋ, ವಿಸ್ತಾರದಲ್ಲೋ, ಏರಿಯ ಉದ್ದದಲ್ಲೋ? ಹಾಗಾದರೆ ಮೊದಲನೆಯದು ಎಲ್ಲಿದೆ? ಈ ಮೂರಕ್ಕೂ ಉತ್ತರ ಇಲ್ಲದೆ ಮೈಕು ಹಿಡಿಯಬೇಡಿ. ಕೆರೆ ಹೇಗೂ ದೊಡ್ಡದೇ ಇದೆ, ಅದಕ್ಕೆ ನಂಬರ್ ಬೇಡ. ಹೆಸರಿನ ಬಗ್ಗೆ ಕೇಳಿ, ಯಾವ ತಾಲ್ಲೂಕು ಅಂತ ಕೇಳಿ, ಸಾಕು.

ಅವಧಿ ಮುಗಿದ ಸತ್ಯಗಳೂ ಇರುತ್ತವೆ. ಔಷಧಿ ಪಟ್ಟಿಯ ಹಾಗೆ ಇವಕ್ಕೂ ತಾರೀಖು ನೋಡಬೇಕು. ಕರ್ನಾಟಕಕ್ಕೆ 30 ಜಿಲ್ಲೆ ಅನ್ನುವುದು ಸರಿಯಾಗಿತ್ತು, 2021ರಲ್ಲಿ ವಿಜಯನಗರ ಆಗುವ ತನಕ. ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರದಲ್ಲಿದೆ. ಹಳೇ ಪುಸ್ತಕ ನಂಬಿದರೆ ಹರಪನಹಳ್ಳಿಯವರೇ ಎದ್ದು ಜಗಳಕ್ಕೆ ಬರುತ್ತಾರೆ. ಶನಿಗ್ರಹಕ್ಕೆ ಎಷ್ಟು ಚಂದ್ರ ಅಂತ ಕೇಳಲೇಬೇಡಿ, ಹೊಸದು ಸಿಗುತ್ತಲೇ ಇರುತ್ತವೆ.

ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ಒಂದೇ ಮಾತು ಹತ್ತು ಕಡೆ ಸಿಕ್ಕಿತು ಅಂದರೆ ಹತ್ತು ಸಾಕ್ಷಿ ಅಲ್ಲ. ಒಬ್ಬರದನ್ನು ಒಬ್ಬರು ಕಾಪಿ ಹೊಡೆದಿರುತ್ತಾರೆ. ಪದಕ್ಕೆ ಪದ ಒಂದೇ ಇದ್ದರೆ ಅನುಮಾನ ಪಡಿ. ಆ ವಿಷಯದ ಮನೆಯವರನ್ನೇ ಹುಡುಕಿ. ಶಾಸನ ಅಂದರೆ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟ, ರಾಕೆಟ್ ಅಂದರೆ ಇಸ್ರೋ, ಜಿಲ್ಲೆಯ ವಿಷಯಕ್ಕೆ ಗ್ಯಾಸೆಟಿಯರ್. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಕೆಲವನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು, ಅದರ ಖುಷಿಯೇ ಬೇರೆ. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಅಂತ ನಮ್ಮ ಕಾಲದ ವಿಜ್ಞಾನದ ಪುಸ್ತಕದಲ್ಲಿ ಚಿತ್ರ ಇತ್ತು. 1901ರ ಒಂದು ಜರ್ಮನ್ ಪ್ರಬಂಧವನ್ನು ಆಮೇಲಿನವರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದರಿಂದ ಬಂದ ನಕ್ಷೆ ಅದು. ಚಿಟಿಕೆ ಉಪ್ಪು ನಾಲಿಗೆಯ ತುದಿಗೆ ಇಟ್ಟು ನೋಡಿ, ಮುಗಿಯಿತು. ಚೀನಾದ ಮಹಾಗೋಡೆ ಅಂತರಿಕ್ಷದಿಂದ ಕಾಣುತ್ತದೆ ಅನ್ನುವುದಕ್ಕೆ ಲೆಕ್ಕ ಸಾಕು. ಗೋಡೆಯ ಅಗಲ ಐದಾರು ಮೀಟರ್, ಬಾಹ್ಯಾಕಾಶ ನಿಲ್ದಾಣ ಇರುವುದು 400 ಕಿಲೋಮೀಟರ್ ಮೇಲೆ. ಇಪ್ಪತ್ತು ಮೀಟರ್ ದೂರದಲ್ಲಿ ಹೊಲಿಗೆ ದಾರದ ಒಂದು ಎಳೆ ಹಿಡಿದು ನಿಲ್ಲಿಸಿ, ಕಾಣುತ್ತದಾ ಕೇಳಿ. 2003ರಲ್ಲಿ ಅಂತರಿಕ್ಷಕ್ಕೆ ಹೋದ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಅವರೇ ಗೋಡೆ ಕಾಣಲಿಲ್ಲ ಅಂದರು.

ಸೋಸುವಾಗ ಬಿದ್ದ ಇಂಥ ಸುಳ್ಳುಗಳನ್ನು ಎಸೆಯಬೇಡಿ. 'ಹೌದೋ ಅಲ್ಲವೋ' ಸುತ್ತಿಗೆ ಇವೇ ಬಂಡವಾಳ.

ಹಂತ 6: ಪ್ರಶ್ನೆ ಕಟ್ಟುವುದು

ಒಂದೇ ವಿಷಯವನ್ನು ಕೆಟ್ಟದಾಗಿಯೂ ಕೇಳಬಹುದು, ಚೆನ್ನಾಗಿಯೂ ಕೇಳಬಹುದು.

ಕೆಟ್ಟದ್ದು: "ವಾಣಿವಿಲಾಸ ಸಾಗರ ಎರಡನೇ ಸಲ ಕೋಡಿ ಬಿದ್ದಿದ್ದು ಯಾವ ವರ್ಷ?" ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ.

ಚೆನ್ನಾಗಿರುವುದು: "ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಒಂದು ಅಣೆಕಟ್ಟು ಮುಗಿಯಿತು. ಜನ ಮಾರಿಕಣಿವೆ ಅಂತಾರೆ. 1933ರಲ್ಲಿ ತುಂಬಿ ಕೋಡಿ ಬಿತ್ತು. ಆ ದಿನ ಹುಟ್ಟಿದ ಮಗು ಮತ್ತೊಮ್ಮೆ ಅದು ಕೋಡಿ ಬೀಳುವುದನ್ನು ನೋಡಲು ಎಷ್ಟು ವರ್ಷ ಬದುಕಿರಬೇಕಿತ್ತು?" ಉತ್ತರ 89, ಯಾಕೆಂದರೆ ಮತ್ತೆ ತುಂಬಿದ್ದು 2022ರಲ್ಲಿ. ಎಲ್ಲರೂ ಒಂದು ಸಂಖ್ಯೆ ಹೇಳುತ್ತಾರೆ. ಕೆಲವರು ಆ ಸಲ ಬಾಗಿನ ನೋಡಲು ಹೋಗಿದ್ದನ್ನು ಹೇಳಲು ಶುರು ಮಾಡುತ್ತಾರೆ. ಹತ್ತಿರದ ಸಂಖ್ಯೆಗೆ ಅಂಕ ಕೊಡಿ.

ಪ್ರಶ್ನೆಯೊಳಗೇ ಸುಳಿವು ಇರಲಿ. ನಾಲ್ಕು ವಾಕ್ಯ ದಾಟದಿರಲಿ, ಮೈಕಿನಲ್ಲಿ ಉದ್ದ ಪ್ರಶ್ನೆ ಅರ್ಧಕ್ಕೇ ಮರೆತುಹೋಗುತ್ತದೆ. ಎರಡು ಸರಿ ಉತ್ತರ ಬರುವ ಜಾಗ ಇದೆಯಾ ಅಂತ ಮನೆಯಲ್ಲಿ ಯಾರಿಗಾದರೂ ಕೇಳಿ ನೋಡಿ. ನಾನು ನಮ್ಮ ಮನೆಯವಳ ಮೇಲೆ ಪ್ರಯೋಗ ಮಾಡುತ್ತೇನೆ. ರೊಟ್ಟಿ ತಟ್ಟುತ್ತಲೇ ಮೂರು ತಪ್ಪು ತೆಗೆಯುತ್ತಾಳೆ.

ನನ್ನ ಆರು ವರ್ಷದ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಗೆದ್ದಿದ್ದು ಒಂದು: "ದಾವಣಗೆರೆಯಲ್ಲಿ ವರ್ಷಕ್ಕೆ ಎಷ್ಟು ದಿನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ?" ದಿನಾ ಬರ್ತಾನಲ್ರೀ, ಮಧ್ಯಾಹ್ನ ಹನ್ನೆರಡಕ್ಕೆ! ಎಲ್ಲರದ್ದೂ ಇದೇ ಉತ್ತರ. ನಿಜವಾಗಿ ಎರಡೇ ದಿನ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ. ಅವತ್ತು ನೆಟ್ಟಗೆ ನಿಲ್ಲಿಸಿದ ಕೊಳವೆಗೆ ನೆರಳೇ ಬೀಳುವುದಿಲ್ಲ. ಅದೂ ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ, ಯಾಕೆಂದರೆ ನಮ್ಮ ಗಡಿಯಾರದ ಸಮಯ ಪೂರ್ವದ ಕಡೆ ಇರುವ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು. ದೆಹಲಿಯಲ್ಲಿ ಸೂರ್ಯ ವರ್ಷಕ್ಕೆ ಒಂದು ದಿನವೂ ನೆತ್ತಿಗೆ ಬರುವುದಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ಆಗಸ್ಟಿನದು ದಾಟಿರುತ್ತದೆ, ಆದ್ದರಿಂದ ಮುಂದಿನ ಏಪ್ರಿಲ್‌ಗೆ ನೋಡ್ರೋ ಅಂತ ಮಕ್ಕಳಿಗೆ ಹೇಳಿ ಬಿಟ್ಟಿದ್ದೆ. ಏಪ್ರಿಲ್‌ನಲ್ಲಿ ಮೂರು ಹುಡುಗರು ಪಿವಿಸಿ ಪೈಪಿನ ತುಂಡು ಹಿಡಿದುಕೊಂಡು ನಮ್ಮ ಮನೆ ಮುಂದೆ ನಿಂತಿದ್ದರು.

ಹಂತ 7: ಆ ಸಂಜೆ

ಐದು ತಂಡ, ತಂಡಕ್ಕೆ ನಾಲ್ಕು ಜನ. ಒಬ್ಬ ಹಿರಿಯರು, ಒಂದು ಶಾಲೆಯ ಮಗು ಕಡ್ಡಾಯ. ಇದೊಂದು ನಿಯಮ ಇಟ್ಟರೆ ಕಾಲೇಜಿನ ಹುಡುಗರೇ ಎಲ್ಲ ಗೆಲ್ಲುವುದು ತಪ್ಪುತ್ತದೆ. ಒಂದೂವರೆ ಗಂಟೆಗಿಂತ ಜಾಸ್ತಿ ಎಳೆಯಬೇಡಿ. ಅಂಕ ಬರೆಯಲು ಕರಿಹಲಗೆ ಇರಲಿ, ಎಲ್ಲರಿಗೂ ಕಾಣುವ ಹಾಗೆ. ಕರೆಂಟ್ ಹೋಗುತ್ತದೆ, ಆದ್ದರಿಂದ ಪ್ರಶ್ನೆಗಳು ಕಾಗದದಲ್ಲಿರಲಿ, ಟಾರ್ಚ್ ಜೇಬಿನಲ್ಲಿರಲಿ. ಕರೆಂಟ್ ಹೋದ ಹೊತ್ತಿಗೆ ಅಂತಲೇ ಒಂದು ಆಟ ಇಟ್ಟುಕೊಂಡಿದ್ದೇನೆ. ಅಲ್ಲಿ ಕೂತ ಐವತ್ತು ಜನರ ಹುಟ್ಟಿದ ತಾರೀಖು ಕೂಗಿಸುವುದು. ವರ್ಷ ಬೇಡ, ದಿನ ಮತ್ತು ತಿಂಗಳು ಮಾತ್ರ. ಇಬ್ಬರದ್ದು ಒಂದೇ ದಿನ ಬಂದೇ ಬರುತ್ತದೆ ಅಂತ ಮೊದಲೇ ಪಂದ್ಯ ಕಟ್ಟಿ. ಇಪ್ಪತ್ಮೂರು ಜನ ಇದ್ದರೆ ಅರ್ಧಕ್ಕಿಂತ ಹೆಚ್ಚು ಸಾಧ್ಯತೆ, ಐವತ್ತು ಜನ ಇದ್ದರೆ ನೂರಕ್ಕೆ 97. ಒಂದು ಎಚ್ಚರಿಕೆ ಮಾತ್ರ. ನಮ್ಮಲ್ಲಿ ಹಳಬರ ಎಷ್ಟೋ ಜನರ ದಾಖಲೆಯಲ್ಲಿ ಜೂನ್ 1 ಇರುತ್ತದೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. ಅದನ್ನು ಲೆಕ್ಕಕ್ಕೆ ತಗೊಂಡರೆ ಪಂದ್ಯ ಮೋಸವಾಗುತ್ತದೆ.

ಉತ್ತರ ಹೇಳಿದ ಮೇಲೆ ಕಾರಣ ಎರಡು ಮಾತಿನಲ್ಲಿ ಹೇಳಿ, ಭಾಷಣ ಬೇಡ. ಅಕ್ಕಿ ಮಂಡಕ್ಕಿ ಹೇಗಾಗುತ್ತದೆ ಅಂದರೆ, ಬಿಸಿ ಮರಳಿನಲ್ಲಿ ಕಾಳಿನೊಳಗಿನ ತೇವ ಆವಿಯಾಗಿ ಒಳಗಿಂದ ಒದೆಯುತ್ತದೆ, ಕಾಳು ಉಬ್ಬುತ್ತದೆ. ಅಷ್ಟೇ. ಇದಕ್ಕಿಂತ ಜಾಸ್ತಿ ಬೇಕಾದವರು ಮಂಡಕ್ಕಿ ಭಟ್ಟಿಗೆ ಹೋಗಿ ನೋಡಲಿ, ಊರಲ್ಲೇ ಇದೆ.

ಹಂತ 8: ತಕರಾರು ಮತ್ತು ಟೈ

ತಕರಾರು ಬಂದೇ ಬರುತ್ತದೆ. ಯಾರಾದರೂ ಎದ್ದು ನಿಂತರೆ ನಕ್ಕು ಕೂರಿಸಬೇಡಿ, ನಾನು ಮಾಡಿದ ತಪ್ಪು ಅದು. "ಬರಕೊಂಡೆ, ನೋಡಿ ಹೇಳ್ತೀನಿ" ಅಂದು ಆ ಪ್ರಶ್ನೆಯ ಅಂಕ ತಡೆಹಿಡಿದು ಮುಂದಕ್ಕೆ ಹೋಗಿ. ಒಂಬತ್ತನೇ ಕ್ಲಾಸಿನಲ್ಲಿದ್ದ ಆ ಹುಡುಗಿ ಈಗ ಡಿಗ್ರಿ ಓದುತ್ತಿದ್ದಾಳೆ. ಮೂರು ವರ್ಷದಿಂದ ತಕರಾರು ಬಂದರೆ ತೀರ್ಪು ಹೇಳುವುದು ಅವಳದ್ದೇ ಕೆಲಸ.

ಟೈ ಆದರೆ ಇನ್ನೊಂದು ಪ್ರಶ್ನೆ ಹುಡುಕಲು ಹೋಗಬೇಡಿ. ಗಾಜಿನ ಡಬ್ಬಿಯಲ್ಲಿ ಮಂಡಕ್ಕಿ ತುಂಬಿ ಎದುರಿಗೆ ಇಟ್ಟು ಎಷ್ಟು ಕಾಳಿದೆ ಕೇಳಿ. ಹತ್ತಿರದ ಸಂಖ್ಯೆ ಹೇಳಿದವರಿಗೆ ಗೆಲುವು, ಡಬ್ಬಿಯೂ ಅವರಿಗೇ. ಎಲ್ಲವನ್ನೂ ಎಣಿಸುವ ಹುಚ್ಚು ಬೇಡ. ಒಂದು ಸಣ್ಣ ಲೋಟದಲ್ಲಿರುವುದನ್ನು ಎಣಿಸಿ, ಡಬ್ಬಿಗೆ ಎಷ್ಟು ಲೋಟ ಹಿಡಿಯಿತು ಅಂತ ಗುಣಿಸಿ, ಚೀಟಿಯಲ್ಲಿ ಬರೆದು ಗಣಪತಿಯ ಪಕ್ಕ ಇಟ್ಟುಬಿಡಿ. ಡಬ್ಬಿಯ ಮುಚ್ಚಳಕ್ಕೆ ಟೇಪ್ ಸುತ್ತುವುದನ್ನು ಮರೆಯಬೇಡಿ. ಹೋದ ವರ್ಷ ನಾನು ಮರೆತಿದ್ದೆ. ಟೈ ಆಗುವ ಹೊತ್ತಿಗೆ ಡಬ್ಬಿ ಮುಕ್ಕಾಲು ಖಾಲಿ, ಮುಂದಿನ ಸಾಲಿನ ನಾಲ್ಕು ಹುಡುಗರ ಬಾಯಿ ಇನ್ನೂ ಆಡುತ್ತಿತ್ತು.